ವಸ್ತುಗಳು ನೀರಿನಲ್ಲಿಯೂ ಎಣ್ಣೆಯಲ್ಲಿಯೂ ಮುಳುಗುವ ಮತ್ತು ತೇಲುವ ಕಾರಣವೂ, ಬಿತ್ತನೆಯ ಬತ್ತವನ್ನು ಉಪ್ಪುನೀರಿನಲ್ಲಿ ಆರಿಸುವ ಕ್ರಮವೂ

ಕಣದಲ್ಲಿ ತೂರಿ, ಮೊರದಲ್ಲಿ ಕೇರಿ, ಕಸಕಡ್ಡಿಯಿಲ್ಲದಂತೆ ಹಸನು ಮಾಡಿದ ಬತ್ತವನ್ನು ಬಿತ್ತನೆಗೆಂದು ತೆಗೆದಿರಿಸಿದ ಮೇಲೆ ಅದು ಶುದ್ಧವಾದ ಬೀಜವೆಂದೇ ರೈತರು ನಂಬುವರು. ಆದರೆ ಅದೇ ಬತ್ತವನ್ನು ಒಟ್ಲು ಪಾತಿಗೆ ಚೆಲ್ಲಿದಾಗ ಒಂದು ಕಡೆಯಲ್ಲಿ ಸಸಿಗಳು ದಪ್ಪವಾಗಿ ಹಸುರಾಗಿ ಏಳುವುದೂ, ಮತ್ತೊಂದು ಕಡೆಯಲ್ಲಿ ದಾರದೆಳೆಯಂತೆ ಸಣ್ಣಗಾಗಿ ಹಳದಿಗೆ ತಿರುಗಿ ನಿಲ್ಲುವುದೂ, ನಡುನಡುವೆ ಬರಿಯ ಕೆಸರೇ ಕಾಣುವುದೂ ಅಪರೂಪವಲ್ಲ. ಆಗ ನೀರು ಕಟ್ಟಿದವನನ್ನೂ ಹಕ್ಕಿಗಳನ್ನೂ ದೂರುವುದು ವಾಡಿಕೆ. ಅವರಲ್ಲಿ ತಪ್ಪಿಲ್ಲವೆಂದು ಹೇಳುವಂತಿಲ್ಲ. ಆದರೆ ತಪ್ಪಿನ ಒಂದು ದೊಡ್ಡ ಪಾಲು ಬೀಜದ ಸಿಪ್ಪೆಯ ಒಳಗೇ ಅಡಗಿರುವುದುಂಟು.

ತೂರುವಾಗ ಗಾಳಿಯು ಹೊಟ್ಟನ್ನೂ ಬರಿಯ ಜೊಳ್ಳನ್ನೂ ಹಾರಿಸಿಕೊಂಡು ಹೋಗುವುದು. ಪೂರಾ ಹಾಲು ಕಟ್ಟದೆ ಅರ್ಧಕ್ಕೋ ಮುಕ್ಕಾಲಿಗೋ ನಿಂತ ಕಾಳನ್ನು ಹಾರಿಸುವಷ್ಟು ಶಕ್ತಿ ಅದಕ್ಕೆ ಇಲ್ಲ. ಬತ್ತದ ಸಿಪ್ಪೆಯು ಮೊದಲೇ ಬೆಳೆದು, ಅಕ್ಕಿಯು ಆಮೇಲೆ ಅದರೊಳಗೆ ತುಂಬಿಕೊಳ್ಳುವುದರಿಂದ, ತುಂಬಿದ ಕಾಳೂ ಅರೆಜೊಳ್ಳೂ ಹೊರಗಿನಿಂದ ನೋಡುವವರಿಗೆ ಒಂದೇ ಗಾತ್ರವಾಗಿ ತೋರುವುವು. ಹೀಗಾಗಿ ಅರೆಜೊಳ್ಳು ಮೊರದಲ್ಲಿಯೂ ಉಳಿದುಕೊಂಡು ಒಳ್ಳೆಯ ಬೀಜದ ಜೊತೆಗೆ ವಾಡೆಗೆ ಸೇರುವುದು. ಅದು ಮೊಳೆಯುವುದಿಲ್ಲವೆಂದಲ್ಲ, ಬಹುಮಟ್ಟಿಗೆ ಮೊಳೆಯುವುದು. ಆದರೆ ಬತ್ತದ ಸಸಿಯು ಮೂರನೆಯ ಎಲೆ ಬಿಡುವವರೆಗೆ ಮುಖ್ಯವಾಗಿ ತನ್ನ ಕಾಳಿನಲ್ಲಿರುವ ಅಕ್ಕಿಯನ್ನೇ ಉಂಡು ಬೆಳೆಯತಕ್ಕದ್ದು. ಬುತ್ತಿ ಅರ್ಧವೇ ಇದ್ದರೆ ಸಸಿಯು ಆ ದಿನಗಳಲ್ಲಿಯೇ ಹಿಂದೆ ಬೀಳುವುದು; ನಾಟಿಯ ಹೊತ್ತಿಗೆ ಕೂಲಿಯವರು ಕಟ್ಟಿದ ಕಂತೆಯಲ್ಲಿ ಬಲವಾದ ಸಸಿಯೂ ಬಡ ಸಸಿಯೂ ಬೆರೆತು ಗದ್ದೆಗೆ ಹೋಗುವುವು. ನಾಲೆಯ ಕೊನೆಯಲ್ಲಿ ಜಮೀನಿದ್ದು, ನೀರು ನಿಲ್ಲುವುದಕ್ಕೆ ಮುಂಚೆ ಬೆಳೆ ಕಟ್ಟಬೇಕಾದ ರೈತನಿಗೆ, ಒಟ್ಲಿನಲ್ಲಿ ಹೋದ ಹತ್ತು ದಿನ ಮರಳಿ ಬಾರದು.

ಪ್ರತಿಯೊಂದು ಕಾಳನ್ನೂ ತಕ್ಕಡಿಯಲ್ಲಿಟ್ಟು ತೂಗುವುದು ಆಗದ ಕೆಲಸ. ಆದರೆ ಒಂದು ಬಾನಿಯ ನೀರು ಸಾವಿರಾರು ಕಾಳುಗಳನ್ನು ಒಂದೇ ಸಲಕ್ಕೆ ತೂಗಿ ಬೇರ್ಪಡಿಸಬಲ್ಲದು. ಅದು ಹೇಗೆಂಬುದನ್ನು ಅರಿತವನು ಈ ಕೆಲಸದಲ್ಲಿ ತಪ್ಪುವುದಿಲ್ಲ. ಅರಿಯದೆ ಬರಿಯ ಅಳತೆಯನ್ನು ನೆನಪಿಟ್ಟುಕೊಂಡವನು ಒಂದು ವರ್ಷವಲ್ಲ ಒಂದು ವರ್ಷ ಒಳ್ಳೆಯ ಬೀಜವನ್ನೇ ದನಗಳ ಮುಂದೆ ಸುರಿಯುವನು. ಆದುದರಿಂದ ಕಾರಣವನ್ನು ಮೊದಲು ಹೇಳಿ ಕ್ರಮವನ್ನು ಆಮೇಲೆ ಹೇಳುವುದು ಮೇಲು.

ಭಾರವಾದುದು ಮುಳುಗುವುದು, ಹಗುರವಾದುದು ತೇಲುವುದು ಎಂದು ಜನರು ಸಾಮಾನ್ಯವಾಗಿ ಹೇಳುವರು. ಈ ಮಾತು ಅರ್ಧ ಮಾತ್ರ ನಿಜ. ಹತ್ತು ಆಳುಗಳು ಎತ್ತಲಾರದ ಒಣಮರದ ದಿಮ್ಮಿಯು ಹೊಳೆಯಲ್ಲಿ ತೇಲಿಕೊಂಡು ಹೋಗುವುದು. ಮಗುವಿನ ಕೈಯಿಂದ ಜಾರಿದ ಮೊಳೆಯು ಒಡನೆಯೇ ತಳ ಸೇರುವುದು. ಹಾಗಾದರೆ ಗಣನೆಗೆ ಬರುವುದು ಬರಿಯ ತೂಕವಲ್ಲ, ಇಷ್ಟು ಗಾತ್ರಕ್ಕೆ ಇಷ್ಟು ತೂಕವೆಂಬ ಲೆಕ್ಕ.

ಬಾವಿಯಲ್ಲಿ ನೀರು ಸೇದುವವರಿಗೆಲ್ಲ ಒಂದು ಅನುಭವ ಉಂಟು. ತುಂಬಿದ ಕೊಡವು ನೀರಿನ ಒಳಗೆ ಇರುವತನಕ ಹಗ್ಗಕ್ಕೆ ಭಾರವೇ ತೋರದು. ನೀರಿನ ಮಟ್ಟವನ್ನು ಬಿಟ್ಟು ಮೇಲೆದ್ದ ಕೂಡಲೆ ತೋಳುಗಳು ಜಗ್ಗುವುವು. ಕೊಡದ ನೀರು ಆ ಕ್ಷಣದಲ್ಲಿ ಹೆಚ್ಚಾಗಲಿಲ್ಲ. ಅದುವರೆಗೆ ಬಾವಿಯ ನೀರು ಕೊಡವನ್ನು ಕೆಳಗಿನಿಂದ ಎತ್ತಿ ಹಿಡಿದಿದ್ದಿತು, ಈಗ ಕೈ ಬಿಟ್ಟಿತು. ನೀರು ಹೀಗೆ ಎತ್ತುವುದು ಏತಕ್ಕೆಂದರೆ, ಅದರ ಒತ್ತಡವು ಆಳ ಹೋದಷ್ಟೂ ಹೆಚ್ಚು. ಕೆರೆಯ ತೂಬಿನ ಮೇಲಿನ ಕಣ್ಣಿನಿಂದ ಬರುವ ನೀರಿಗಿಂತ ಕೆಳಗಿನ ಕಣ್ಣಿನಿಂದ ಬರುವ ನೀರು ರಭಸವಾಗಿ ಚಿಮ್ಮುವುದೂ, ಕೆರೆಯ ಏರಿಯನ್ನು ಬುಡದಲ್ಲಿ ಅಗಲವಾಗಿ ಕಟ್ಟುವುದಕ್ಕೆ ಒಂದು ಕಾರಣವೂ ಇದೇ. ನೀರಿನಲ್ಲಿ ಇಟ್ಟ ವಸ್ತುವಿನ ತಳವು ಅದರ ತಲೆಗಿಂತ ಆಳದಲ್ಲಿರುವುದರಿಂದ, ಕೆಳಗಿನಿಂದ ಮೇಲಕ್ಕೆ ತಳ್ಳುವ ಬಲವು ಮೇಲಿನಿಂದ ಕೆಳಕ್ಕೆ ಒತ್ತುವ ಬಲಕ್ಕಿಂತ ಹೆಚ್ಚಾಗಿರುವುದು. ಈ ಹೆಚ್ಚಳ ಎಷ್ಟೆಂದರೆ, ಆ ವಸ್ತುವು ಎಷ್ಟು ನೀರಿನ ಜಾಗವನ್ನು ತಾನು ಆಕ್ರಮಿಸಿಕೊಂಡಿತೋ ಅಷ್ಟು ನೀರಿನ ತೂಕದಷ್ಟು.

ಈ ನಿಯಮವನ್ನು ಕಂಡುಹಿಡಿದವನು ಸಿಸಿಲಿ ದ್ವೀಪದ ಸಿರಕ್ಯೂಸ್ ಪಟ್ಟಣದ ಆರ್ಕಿಮಿಡೀಸ್ ಎಂಬ ಗಣಿತಜ್ಞ. ಈತನು ಕ್ರಿಸ್ತಪೂರ್ವ 212ರಲ್ಲಿ ಮಡಿದನು. ಸ್ನಾನದ ತೊಟ್ಟಿಯಿಂದ ಎದ್ದು ಬೀದಿಯಲ್ಲಿ ಓಡಿದನೆಂಬ ಕಥೆಯನ್ನು ಬಹು ಕಾಲದ ಮೇಲೆ ಬೇರೆಯವರು ಬರೆದಿಟ್ಟರು; ಅದನ್ನು ನಂಬದಿದ್ದರೂ ನಷ್ಟವಿಲ್ಲ. ತೇಲುವ ವಸ್ತುಗಳ ಮೇಲೆ ಆತನು ಬರೆದ ಗ್ರಂಥ ಮಾತ್ರ ಉಳಿದುಬಂದಿದೆ.

ವಸ್ತುವಿನ ತೂಕವು ಅದು ತಳ್ಳಿದ ನೀರಿನ ತೂಕಕ್ಕಿಂತ ಹೆಚ್ಚಾದರೆ ಅದು ಮುಳುಗುವುದು, ಕಡಮೆಯಾದರೆ ತೇಲುವುದು. ಒಂದು ಕಬ್ಬಿಣದ ಬಾಣಲೆಯನ್ನು ಮೆಲ್ಲಗೆ ನೀರಿನ ಮೇಲೆ ಇಟ್ಟರೆ ತೇಲುವುದು. ಅದೇ ಕಬ್ಬಿಣವನ್ನು ಕಮ್ಮಾರನು ಬಡಿದು ಗಟ್ಟಿಯ ಗುಂಡು ಮಾಡಿದರೆ ಮುಳುಗುವುದು. ಬಾಣಲೆಯು ತನ್ನ ಹಳ್ಳದಿಂದ ಹೆಚ್ಚು ನೀರನ್ನು ತಳ್ಳಿತು, ಗುಂಡು ಸ್ವಲ್ಪವನ್ನೇ ತಳ್ಳಿತು. ಕಾವೇರಿಯಲ್ಲಿಯೂ ತುಂಗಭದ್ರೆಯಲ್ಲಿಯೂ ಜನರನ್ನು ದಾಟಿಸುವ ಹರಿಗೋಲು ಬಿದಿರಿನ ಹಗುರದಿಂದ ಮಾತ್ರ ತೇಲುವುದಲ್ಲ, ತನ್ನ ಅಗಲವಾದ ಹೊಟ್ಟೆಯಿಂದ ತೇಲುವುದು. ಒಳಗೆ ಆಳು ಹತ್ತಿದಷ್ಟೂ ಅದು ಇಳಿಯುವುದು. ಇಳಿದಷ್ಟೂ ಹೆಚ್ಚು ನೀರನ್ನು ತಳ್ಳುವುದು. ಅಂಚಿನ ಮೇಲೆ ನೀರು ಹರಿದಾಗ ಲೆಕ್ಕ ಮುಗಿಯಿತು. ಈಜು ಕಲಿಯುವ ಹುಡುಗರ ಬೆನ್ನಿಗೆ ಕಟ್ಟುವ ಒಣ ಸೋರೆಬುರುಡೆಯ ಗುಟ್ಟೂ ಇದೇ.

ಒಂದೇ ಗಾತ್ರದ ನೀರಿನ ತೂಕವನ್ನು 1 ಎಂದು ಇಟ್ಟುಕೊಂಡು ಇತರ ವಸ್ತುಗಳ ತೂಕವನ್ನು ಹೇಳುವ ಸಂಖ್ಯೆಗೆ ವಿಶಿಷ್ಟ ಗುರುತ್ವವೆಂದು ಹೆಸರು. ಕಬ್ಬಿಣದ್ದು ಸುಮಾರು 7.8, ಕರಿಕಲ್ಲಿನದು 2.7ರ ಸಮೀಪ, ಹಾಲಿನದು 1.03, ಹರಳೆಣ್ಣೆಯದು 0.96, ಕಡಲೆಕಾಯಿ ಎಣ್ಣೆ, ಎಳ್ಳೆಣ್ಣೆಗಳದು 0.92, ಸೀಮೆಎಣ್ಣೆಯದು 0.8ರ ಸುಮಾರು. ಎಣ್ಣೆಗಳೆಲ್ಲ ನೀರಿನ ಮೇಲೆ ನಿಲ್ಲುವುದು ಈ ಸಂಖ್ಯೆಗಳಿಂದಲೇ ಗೊತ್ತಾಗುವುದು. ಎಣ್ಣೆಯು ಮಂದವಾಗಿ ಅಂಟಂಟಾಗಿರುವುದರಿಂದ ನೀರಿಗಿಂತ ಭಾರವೆಂದು ಕೆಲವರು ಭಾವಿಸುವರು. ಅದು ಸರಿಯಲ್ಲ. ಮಂದವಾಗಿರುವುದು ಬೇರೆ, ಭಾರವಾಗಿರುವುದು ಬೇರೆ; ಹರಳೆಣ್ಣೆಯಷ್ಟು ಮಂದವಾದ ಎಣ್ಣೆಯೂ ನೀರಿನ ಮೇಲೆಯೇ ನಿಲ್ಲುವುದು. ಒಂದೇ ಚೆಂಬಿಗೆ ಒಮ್ಮೆ ನೀರನ್ನೂ ಒಮ್ಮೆ ಎಣ್ಣೆಯನ್ನೂ ಕಂಠದವರೆಗೆ ತುಂಬಿ ತೂಗಿದರೆ ಸಂಶಯ ತೀರುವುದು.

ವಸ್ತುವು ತೇಲುವುದೋ ಮುಳುಗುವುದೋ ಎಂಬುದು ಆ ವಸ್ತುವೊಂದರ ಗುಣವಲ್ಲ, ಅದನ್ನು ಯಾವ ದ್ರವದಲ್ಲಿ ಬಿಟ್ಟಿತೆಂಬುದನ್ನೂ ಅವಲಂಬಿಸಿದೆ. ಇದನ್ನು ಮನೆಯಲ್ಲಿಯೇ ನೋಡಬಹುದು. ಕಡಲೆಕಾಳಿನಷ್ಟು ಜೇನುಮೇಣವನ್ನು ಉಂಡೆ ಮಾಡಿ ನೀರಿಗೆ ಹಾಕಿದರೆ ತೇಲುವುದು. ಅದನ್ನೇ ಒರಸಿ ಕಡಲೆಕಾಯಿ ಎಣ್ಣೆಗೆ ಹಾಕಿದರೆ ತಳಕ್ಕೆ ಹೋಗುವುದು. ಹರಳೆಣ್ಣೆಗೆ ಹಾಕಿದರೆ ಮೇಲೂ ಬರಲಾರದೆ ಕೆಳಗೂ ಇಳಿಯಲಾರದೆ ಬಹಳ ಹೊತ್ತು ತಡವರಿಸುವುದು. ಏಕೆಂದರೆ ಮೇಣದ ವಿಶಿಷ್ಟ ಗುರುತ್ವವೂ 0.96ರ ಆಸುಪಾಸಿನದೇ. ಮೇಣವು ಮೂರು ಸಲವೂ ಅದೇ ಮೇಣ. ಬದಲಾದುದು ದ್ರವ. ಬೀಜ ಆರಿಸುವ ಕೆಲಸವೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ.

ಅಡಿಗೆಮನೆಯಲ್ಲಿ ಇದಕ್ಕೆ ವಿರುದ್ಧವಾದ ನೋಟವೂ ಉಂಟು. ಪೂರಿಯನ್ನು ಕಾದ ಎಣ್ಣೆಗೆ ಬಿಟ್ಟಾಗ ಮೊದಲು ಮುಳುಗಿ ಆಮೇಲೆ ತಾನಾಗಿಯೇ ಮೇಲೇಳುವುದು. ಇಲ್ಲಿ ದ್ರವ ಬದಲಾಗಲಿಲ್ಲ, ವಸ್ತುವೇ ಬದಲಾಯಿತು: ಹಿಟ್ಟಿನೊಳಗಿನ ನೀರು ಆವಿಯಾಗಿ ಪೂರಿಯನ್ನು ಉಬ್ಬಿಸಿ, ತೂಕ ಹೆಚ್ಚದೆ ಗಾತ್ರ ಹೆಚ್ಚಿತು. ಮರಗಳಲ್ಲಿಯೂ ಹೀಗೆಯೇ. ಹಸಿ ತೇಗವನ್ನು ಕಡಿದ ಕೂಡಲೆ ಹೊಳೆಗೆ ಬಿಟ್ಟರೆ ಮುಳುಗುವುದು. ಆದುದರಿಂದ ಬರ್ಮಾ ದೇಶದಲ್ಲಿ ಮರವು ನಿಂತಿರುವಾಗಲೇ ಬುಡದ ಸುತ್ತ ತೊಗಟೆಯನ್ನೂ ಹೊರಮರವನ್ನೂ ಕೆತ್ತಿ, ಎರಡು ಮೂರು ವರ್ಷ ನಿಂತಲ್ಲಿಯೇ ಒಣಗಲು ಬಿಟ್ಟು, ಅನಂತರ ಕೆಡಹಿ ನದಿಯಲ್ಲಿ ತೇಲಿಸುತ್ತಿದ್ದರು.

ಪ್ರಸಂಗವಶಾತ್ ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳತಕ್ಕದ್ದು. ಬಾಣಲೆಯ ಎಣ್ಣೆಗಾಗಲಿ ಸೀಮೆಎಣ್ಣೆಗಾಗಲಿ ಬೆಂಕಿ ಹತ್ತಿದಾಗ ಗಾಬರಿಯಿಂದ ನೀರನ್ನು ಎರಚುವವರುಂಟು. ನೀರು ಭಾರವಾದ್ದರಿಂದ ಎಣ್ಣೆಯ ಕೆಳಕ್ಕೆ ಇಳಿಯುವುದು. ಕಾದ ಎಣ್ಣೆಯ ಅಡಿಯಲ್ಲಿ ಅದು ತಟ್ಟನೆ ಆವಿಯಾಗಿ ಉರಿಯುವ ಎಣ್ಣೆಯನ್ನು ಮನೆಯ ಸೂರಿಗೇ ಚಿಮ್ಮಿಸುವುದು. ಸೀಮೆಎಣ್ಣೆಯಾದರೆ ನೀರಿನ ಮೇಲೆ ತೇಲುತ್ತ, ನೀರು ಹರಿದ ಕಡೆಗೆಲ್ಲ ಉರಿಯುತ್ತಲೇ ಹರಿಯುವುದು. ಬಾಣಲೆಗೆ ಮುಚ್ಚಳ ಮುಚ್ಚಿ ಒಲೆಯನ್ನು ಆರಿಸತಕ್ಕದ್ದು. ನೆಲದ ಮೇಲಿನ ಬೆಂಕಿಗೆ ಒಣ ಮರಳನ್ನೋ ಮಣ್ಣನ್ನೋ ಸುರಿಯತಕ್ಕದ್ದು. ಗಾಣದ ಮನೆಯಲ್ಲಿ ಒಂದು ಮಂಕರಿ ಮರಳು ಸದಾ ಇರುವುದು ಒಳ್ಳೆಯದು.

ಎಣ್ಣೆಯ ಬೆರಕೆಯನ್ನು ತೇಲಿಸಿ ನೋಡಿ ಕಂಡುಹಿಡಿಯಬಹುದೆಂಬ ನಂಬಿಕೆಯೂ ಕೆಲವರಲ್ಲಿದೆ. ಒಂದು ಅಡಿಗೆಯ ಎಣ್ಣೆಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಬಹಳ ಸೂಕ್ಷ್ಮ. ಮೇಲಾಗಿ ಅವು ಒಂದರಲ್ಲೊಂದು ಬೆರೆತುಹೋಗುವುದರಿಂದ ಪದರಗಳಾಗಿ ನಿಲ್ಲುವುದಿಲ್ಲ. ಹಾಲಿನ ಮಾಪಕವಾದರೂ ಅಷ್ಟೆ. ನೀರು ಬೆರಸಿದರೆ ಹಾಲಿನ ವಿಶಿಷ್ಟ ಗುರುತ್ವ ಕಡಮೆಯಾಗುವುದು ನಿಜ. ಆದರೆ ಹಗುರವಾದ ಕೆನೆಯನ್ನು ಮೊದಲು ತೆಗೆದು, ಆಮೇಲೆ ಲೆಕ್ಕವಿಟ್ಟು ನೀರು ಹೊಯ್ದವನ ಹಾಲು ಮಾಪಕದಲ್ಲಿ ಸರಿಯಾಗಿಯೇ ನಿಲ್ಲುವುದು.

ಇನ್ನು ಬತ್ತದ ವಿಚಾರ. ಬರಿಯ ನೀರಿಗೆ ಬತ್ತವನ್ನು ಹಾಕಿದರೆ ಜೊಳ್ಳು ಮಾತ್ರ ತೇಲುವುದು. ಅರೆಜೊಳ್ಳಿನ ವಿಶಿಷ್ಟ ಗುರುತ್ವವು 1ಕ್ಕಿಂತ ಸ್ವಲ್ಪ ಹೆಚ್ಚಾದ್ದರಿಂದ ಅದು ಒಳ್ಳೆಯ ಕಾಳಿನ ಜೊತೆಗೆ ಮುಳುಗಿ ಕುಳಿತುಕೊಳ್ಳುವುದು. ಆದುದರಿಂದ ನೀರನ್ನೇ ಭಾರ ಮಾಡಬೇಕು. ಉಪ್ಪು ಕರಗಿದಷ್ಟೂ ನೀರು ಭಾರವಾಗುವುದು. ಅರೆಜೊಳ್ಳಿಗಿಂತ ಹೆಚ್ಚು ಭಾರವಾಗಿ, ತುಂಬಿದ ಕಾಳಿಗಿಂತ ಕಡಮೆ ಭಾರವಾಗಿರುವಂತೆ ಅದನ್ನು ಹದಮಾಡಿದರೆ, ಅರೆಜೊಳ್ಳು ಮೇಲಕ್ಕೂ ಗಟ್ಟಿ ಕಾಳು ಕೆಳಕ್ಕೂ ಹೋಗಿ ಎರಡೂ ತಾವಾಗಿಯೇ ಬೇರೆಯಾಗುವುವು. ಜಪಾನ್ ದೇಶದಲ್ಲಿ ಯೊಕೊಯಿ ಟೊಕಿಯೊಶಿ ಎಂಬ ವ್ಯವಸಾಯ ಶಾಸ್ತ್ರಜ್ಞನು 1882ರಲ್ಲಿ ಈ ಕ್ರಮವನ್ನು ರೂಪಿಸಿದನು. ಅಲ್ಲಿಯ ರೈತರಲ್ಲಿ ಅದು ಬಹುವಾಗಿ ಹರಡಿತು.

10 ಲೀಟರು ನೀರಿಗೆ ಸುಮಾರು 1½ ಕಿಲೋಗ್ರಾಂ ಅಡಿಗೆಯ ಉಪ್ಪು ಸಾಮಾನ್ಯವಾಗಿ ಬೇಕಾಗುವುದು. ಆಗ ನೀರಿನ ವಿಶಿಷ್ಟ ಗುರುತ್ವ 1.09ರ ಸುಮಾರಿಗೆ ಬರುವುದು. ಆದರೆ ಕಲ್ಲುಪ್ಪಿನಲ್ಲಿ ತೇವವೂ ಮಣ್ಣೂ ಇರುವುದರಿಂದ ತೂಕವನ್ನೇ ನೆಚ್ಚಕೂಡದು. ನೆಚ್ಚತಕ್ಕದ್ದು ಕೋಳಿಯ ಮೊಟ್ಟೆಯನ್ನು. ಆಗತಾನೆ ಇಟ್ಟ ಮೊಟ್ಟೆಯ ವಿಶಿಷ್ಟ ಗುರುತ್ವವು 1.08, 1.09ರ ಸಮೀಪ, ಪ್ರಕೃತಿಯೇ ಮಾಡಿಕೊಟ್ಟ ಮಾಪಕವೆಂದರೂ ಸಲ್ಲುವುದು. ಮೊಟ್ಟೆಯನ್ನು ಮೊದಲು ಬರಿಯ ನೀರಿನಲ್ಲಿ ಬಿಡಬೇಕು. ಅದು ತಳದಲ್ಲಿ ಅಡ್ಡವಾಗಿ ಮಲಗಿದರೆ ಹೊಸದು. ತುದಿಯೆತ್ತಿ ನಿಂತರೆ ಹಳೆಯದು. ತೇಲಿದರೆ ಬಹಳ ಹಳೆಯದು. ದಿನ ಕಳೆದಂತೆ ಮೊಟ್ಟೆಯೊಳಗಿನ ತೇವವು ಚಿಪ್ಪಿನ ರಂಧ್ರಗಳಿಂದ ಆರಿಹೋಗಿ, ಆ ಜಾಗಕ್ಕೆ ಗಾಳಿ ಸೇರುವುದೇ ಇದಕ್ಕೆ ಕಾರಣ. ಹಳೆಯ ಮೊಟ್ಟೆಯನ್ನು ನಂಬಿದವನ ನೀರಿಗೆ ಉಪ್ಪು ಸಾಲದೆ, ಅರೆಜೊಳ್ಳೆಲ್ಲ ಬೀಜದಲ್ಲಿಯೇ ಉಳಿಯುವುದು. ಕೆಲಸ ವ್ಯರ್ಥವಾಗುವುದು ಬಹುಮಟ್ಟಿಗೆ ಇಲ್ಲಿಯೇ.

ಹೊಸ ಮೊಟ್ಟೆಯು ಸಿಕ್ಕಿದ ಮೇಲೆ ಅದನ್ನು ಬಾನಿಯ ನೀರಿನಲ್ಲಿ ಬಿಟ್ಟು, ಉಪ್ಪನ್ನು ಸ್ವಲ್ಪಸ್ವಲ್ಪವಾಗಿ ಹಾಕಿ ಪೂರಾ ಕರಗುವಂತೆ ಕಲಕುತ್ತ ಬರಬೇಕು. ಮೊಟ್ಟೆಯು ಮೇಲೆದ್ದು, ಅದರ ಬೆನ್ನು ಒಂದು ಸಣ್ಣ ನಾಣ್ಯದಷ್ಟು ಅಗಲ ನೀರಿನ ಹೊರಗೆ ಕಂಡಾಗ ಹದ ಬಂದಿತೆಂದು ತಿಳಿದು ಉಪ್ಪನ್ನು ನಿಲ್ಲಿಸಬೇಕು. ತಳದಲ್ಲಿ ಕರಗದ ಉಪ್ಪು ಉಳಿದಿದ್ದರೆ ಮೇಲಿನ ನೀರು ತೆಳುವಾಗಿಯೂ ಕೆಳಗಿನದು ಗಟ್ಟಿಯಾಗಿಯೂ ಇದ್ದು ಮೊಟ್ಟೆ ಸುಳ್ಳು ಹೇಳುವುದು. ಅನಂತರ ಮೊಟ್ಟೆಯನ್ನು ತೆಗೆದು, ಬಾನಿಯ ನೀರಿನ ಅರ್ಧಕ್ಕಿಂತ ಕಡಮೆಯಾಗುವಷ್ಟು ಬತ್ತವನ್ನು ಸುರಿದು ಕೈಯಿಂದ ಚೆನ್ನಾಗಿ ಕಲಕಬೇಕು.

ಕಲಕುವುದನ್ನು ಅಲಕ್ಷ್ಯ ಮಾಡಕೂಡದು. ನೀರಿನ ಮೇಲ್ಮೈಯು ಬಿಗಿದ ತೊಗಲಿನಂತೆ ವರ್ತಿಸುವುದು. ಎಣ್ಣೆಯ ಜಿಡ್ಡು ಸವರಿದ ಹೊಲಿಗೆಯ ಸೂಜಿಯನ್ನು ಮೆಲ್ಲಗೆ ಅಡ್ಡಲಾಗಿ ಇಟ್ಟರೆ, ಕಬ್ಬಿಣವಾದರೂ ನೀರಿನ ಮೇಲೆ ನಿಲ್ಲುವುದು. ಒತ್ತಿ ಮುಳುಗಿಸಿದರೆ ಮತ್ತೆ ಏಳದು. ಒಣ ಬತ್ತವೂ ಹಾಗೆಯೇ. ಅದರ ಸಿಪ್ಪೆಯ ಮೇಲಿನ ಸಣ್ಣ ರೋಮಗಳಲ್ಲಿಯೂ ಮೀಸೆಯಲ್ಲಿಯೂ ಗಾಳಿಯ ಗುಳ್ಳೆಗಳು ಅಂಟಿಕೊಂಡು, ಗಟ್ಟಿ ಕಾಳನ್ನೂ ಸೋರೆಬುರುಡೆ ಕಟ್ಟಿದ ಹುಡುಗನಂತೆ ಮೇಲೆ ಹಿಡಿದಿಡುವುವು. ಎಣ್ಣೆಯ ಪಸೆಯಿರುವ ಪಾತ್ರೆಯನ್ನಾಗಲಿ ಎಣ್ಣೆಗೈಯನ್ನಾಗಲಿ ಈ ಕೆಲಸಕ್ಕೆ ಉಪಯೋಗಿಸಲಾಗದು. ಎರಡು ಮೂರು ಸಲ ಕಲಕಿ, ಕಾಳುಗಳನ್ನು ಒತ್ತಿ ನೆನೆಸಿ, ನೀರು ನಿಂತ ಮೇಲೆಯೂ ತೇಲುತ್ತಿರುವುದನ್ನು ಮಾತ್ರ ಜರಡಿಯಿಂದ ಎತ್ತಬೇಕು. ಇದೆಲ್ಲವೂ ಕೆಲವು ನಿಮಿಷಗಳಲ್ಲಿ ಮುಗಿಯತಕ್ಕದ್ದು. ಬೀಜವು ಉಪ್ಪುನೀರಿನಲ್ಲಿ ಬಹಳ ಹೊತ್ತು ಇದ್ದರೆ ಮೊಳಕೆಗೆ ಹಾನಿ.

ತಳದಲ್ಲಿ ಕುಳಿತ ಬೀಜವನ್ನು ಬುಟ್ಟಿಗೆ ಬಸಿದು, ಒಳ್ಳೆಯ ನೀರಿನಲ್ಲಿ ಎರಡು ಮೂರು ಸಲ, ಬಾಯಿಗಿಟ್ಟರೆ ಉಪ್ಪು ತೋರದಂತೆ ತೊಳೆಯಬೇಕು. ಆ ದಿನವೇ ಮೊಳಕೆ ಕಟ್ಟುವುದಾದರೆ ಹಾಗೆಯೇ ನೆನೆಹಾಕಬಹುದು. ತಡವಾಗುವುದಾದರೆ ತೆಳ್ಳಗೆ ಹರವಿ ಚೆನ್ನಾಗಿ ಒಣಗಿಸತಕ್ಕದ್ದು. ಪ್ರತಿ ಸಲವೂ ಬತ್ತವು ಸ್ವಲ್ಪ ಉಪ್ಪುನೀರನ್ನು ಹೀರಿಕೊಂಡು ಹೋಗುವುದರಿಂದಲೂ, ನೀರು ಕಡಮೆಯಾದಾಗ ಹೊಸ ನೀರು ಸೇರಿಸುವುದರಿಂದಲೂ ಹದ ಇಳಿಯುವುದು. ಎರಡು ಮೂರು ಸರದಿಗೊಮ್ಮೆ ಮೊಟ್ಟೆಯನ್ನು ಮತ್ತೆ ಬಿಟ್ಟು ನೋಡಿ ಉಪ್ಪನ್ನು ಕೂಡಿಸಬೇಕು. ಊರಿನ ನಾಲ್ಕಾರು ಮನೆಯವರು ಒಂದೇ ಬಾನಿಯಲ್ಲಿ ಸರದಿಯ ಮೇಲೆ ಕೆಲಸ ಮಾಡಿಕೊಂಡರೆ ಉಪ್ಪಿನ ಖರ್ಚು ತೀರ ಕಡಮೆಯಾಗುವುದು. ಪಟೇಲರ ಮನೆಯಂಗಳದಲ್ಲಿ ಇದನ್ನು ಏರ್ಪಡಿಸಿದರೆ, ನೋಡಲು ಬಂದವರು ತಮ್ಮ ಬೀಜವನ್ನೂ ಹೊತ್ತು ತರುವರು.

ಈ ಪರೀಕ್ಷೆಯು ಕಾಳು ತುಂಬಿದೆಯೇ ಎಂಬುದನ್ನು ಹೇಳುವುದೇ ಹೊರತು ಜೀವವಿದೆಯೇ ಎಂಬುದನ್ನು ಹೇಳಲಾರದು. ತೇವದಲ್ಲಿ ಬೆಂದ ಬೀಜವೂ, ಬಹಳ ಹಳೆಯ ಬೀಜವೂ ಭಾರವಾಗಿಯೇ ಇದ್ದು ಮುಳುಗುವುವು. ಆದುದರಿಂದ ಆರಿಸಿದ ಬೀಜದಲ್ಲಿ 100 ಕಾಳುಗಳನ್ನು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಮೊಳಕೆಯನ್ನು ನೋಡತಕ್ಕದ್ದು. 80ಕ್ಕಿಂತ ಕಡಮೆ ಮೊಳೆತರೆ ಬೇರೆ ಬೀಜವನ್ನು ಹುಡುಕುವುದು ಲೇಸು. ಉಪ್ಪುನೀರು ರೋಗಕ್ಕೆ ಔಷಧವೂ ಅಲ್ಲ.

ಬತ್ತಕ್ಕೆ ಹದಮಾಡಿದ ನೀರನ್ನು ಕಂಡಕಂಡ ಬೀಜಕ್ಕೆಲ್ಲ ಉಪಯೋಗಿಸಕೂಡದು. ಕಡಲೆಕಾಯಿ, ಹರಳು ಮೊದಲಾದ ಎಣ್ಣೆಕಾಳುಗಳ ತೂಕದಲ್ಲಿ ಅರ್ಧದ ಸಮೀಪ ಎಣ್ಣೆಯೇ ಇರುವುದರಿಂದ ಅವು ಸ್ವಭಾವದಿಂದಲೇ ಹಗುರ; ಅಂಥ ನೀರಿನಲ್ಲಿ ಒಳ್ಳೆಯ ಬೀಜವೂ ತೇಲಬಹುದು. ಅವುಗಳನ್ನು ಕಣ್ಣಿನಿಂದ ಆರಿಸುವುದೇ ಸರಿ. ಸಜ್ಜೆಯಲ್ಲಿ ಮಾತ್ರ ಉಪ್ಪುನೀರಿಗೆ ಒಂದು ವಿಶೇಷ ಪ್ರಯೋಜನವಿದೆ. ಎರ್ಗಟ್ ಎಂಬ ರೋಗ ತಗುಲಿದ ತೆನೆಗಳಲ್ಲಿ ಮೊದಲು ಜೇನಿನಂಥ ಅಂಟುದ್ರವ ಸುರಿದು, ಆಮೇಲೆ ಕಾಳಿನ ಜಾಗದಲ್ಲಿ ಕಪ್ಪು ಗಂಟುಗಳು ಬೆಳೆಯುವುವು. ಇವು ಮನುಷ್ಯರಿಗೂ ದನಗಳಿಗೂ ವಿಷ. ಬೀಜದೊಡನೆ ಹೊಲಕ್ಕೆ ಹೋದರೆ ಮುಂದಿನ ಬೆಳೆಗೂ ರೋಗ. ಗಂಟುಗಳು ಕಾಳಿಗಿಂತ ಹಗುರವಾದ್ದರಿಂದ, 100 ಭಾಗ ನೀರಿಗೆ 10ರಿಂದ 20 ಭಾಗ ಉಪ್ಪು ಕರಗಿಸಿದ ನೀರಿನಲ್ಲಿ ಅವು ಮೇಲೆ ಬರುವುವು. ಮೇಲೆ ಬಂದುದನ್ನೆಲ್ಲ ಸುಟ್ಟುಬಿಡಬೇಕು ಅಥವಾ ಆಳವಾಗಿ ಹೂಳಬೇಕು, ಕೋಳಿಗಳಿಗೂ ಹಾಕಬಾರದು.

ಬತ್ತದಲ್ಲಿ ತೇಲಿದುದನ್ನು ತೊಳೆದು ಒಣಗಿಸಿ ಕೋಳಿಗಳಿಗಾಗಲಿ ದನಗಳಿಗಾಗಲಿ ಕೊಡಬಹುದು. ಔಷಧ ಸವರಿದ ಬೀಜವನ್ನು ಕೊಂಡು ತಂದಿದ್ದರೆ ಮಾತ್ರ ಹಾಗೆ ಕೊಡಲಾಗದು. ಕೆಲಸ ಮುಗಿದ ಮೇಲೆ ಉಳಿದ ಉಪ್ಪುನೀರನ್ನು ಒಟ್ಲಿನ ಪಕ್ಕದಲ್ಲಿಯೋ ತಿಪ್ಪೆಯ ಮೇಲೆಯೋ ಚೆಲ್ಲುವುದು ತಪ್ಪು. ಅಗಲವಾದ ಮಣ್ಣಿನ ಪಾತ್ರೆಗಳಲ್ಲಿ ಹೊಯ್ದು ಬಿಸಿಲಿಗೆ ಇಟ್ಟರೆ ನೀರು ಆರಿ ಉಪ್ಪು ತಳದಲ್ಲಿ ನಿಲ್ಲುವುದು. ಅದನ್ನು ಕೆರೆದು ಗಡಿಗೆಯಲ್ಲಿ ಕಟ್ಟಿಟ್ಟರೆ ಮುಂದಿನ ಹಂಗಾಮಿನ ಬೀಜಕ್ಕೆ ಒದಗುವುದು.